ಅತ್ತೆಯ ಬಾಕ್ಸು

1975ರಲ್ಲಿ ಒಂದು ಊರಿಗೆ ಒಂದು ಟಿವಿ ಸಾಕಾಗಿತ್ತು. ಆ ವರ್ಷದ ಆಗಸ್ಟ್ 1ರಿಂದ ಮುಂದಿನ ಜುಲೈ ಕೊನೆಯವರೆಗೆ, ಅಮೆರಿಕದವರ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ತೋರಿಸಲಾಯಿತು. ಆ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಸಿಕ್ಕಿತು. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯ ಹತ್ತಡಿ ಅಗಲದ ಆಂಟೆನಾ, ಅದರ ಕೆಳಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಇಡೀ ಊರು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಏನು ತೋರಿಸಿದರೆ ಅದನ್ನು ಎಲ್ಲರೂ ನೋಡಬೇಕು. ಚಾನೆಲ್ ಒಂದೇ ಆದ್ದರಿಂದ ರಿಮೋಟಿನ ಪ್ರಶ್ನೆಯೇ ಇಲ್ಲ. ಜಗಳವೇನಾದರೂ ಆಗಿದ್ದರೆ ಮುಂದಿನ ಸಾಲಿನಲ್ಲಿ ಯಾರು ಕೂರಬೇಕು ಎಂಬುದಕ್ಕೆ ಆಗಿರಬೇಕು.

2020ರ ಹೊತ್ತಿಗೆ ವಿಷಯ ಎಲ್ಲಿಗೆ ಬಂದಿತ್ತೆಂದರೆ, ಒಂದೇ ಮನೆಯ ಎರಡನೇ ಟಿವಿಗೆ ಎಷ್ಟು ವಸೂಲಿ ಮಾಡಬಹುದೆಂದು ದೂರಸಂಪರ್ಕ ನಿಯಂತ್ರಕರಾದ ಟ್ರಾಯ್ ನಿಯಮ ಮಾಡಬೇಕಾಯಿತು. ಎರಡನೆಯದರ ನೆಟ್‌ವರ್ಕ್ ಶುಲ್ಕ ಮೊದಲನೆಯದರ ಶೇ. 40ನ್ನು ಮೀರಕೂಡದು ಎಂದು ತಿದ್ದುಪಡಿ ಬಂತು. ಎರಡನೇ ಟಿವಿಯ ಮುಂದೆ ಕೂರುವವರಿಗೂ ಮನೆಯಲ್ಲಿ ಅಷ್ಟೇ ತೂಕವಿರುತ್ತದೆ, ನೂರಕ್ಕೆ ನಲವತ್ತು, ಎಂದು ನಾನೂ ತಿಳಿದಿದ್ದೆ. ಹಾಸನದಿಂದ ನಮ್ಮತ್ತೆ ಬಂದು ನಮ್ಮಲ್ಲೇ ನೆಲೆಸುವವರೆಗೆ.

ನಾವಿರುವುದು ಬೆಂಗಳೂರಿನ ಅಲ್ಲಾಳಸಂದ್ರದಲ್ಲಿ. ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಮುಗಿದು ಯಲಹಂಕ ಇನ್ನೂ ಬಂದಿಲ್ಲ ಎನ್ನುವಾಗ ಸಿಗುವ ಊರು. ಏರ್‌ಪೋರ್ಟಿಗೆ ತಡವಾಗಿ ಹೊರಟವರ ಕಣ್ಣಿಗೆ ಅದೂ ಬೀಳುವುದಿಲ್ಲ. ನಮಗೊಂದು ಕೆರೆಯಿದೆ. ಪಕ್ಕದಲ್ಲಿ ಜುಡಿಷಿಯಲ್ ಲೇಔಟ್ ಇದೆ. ಆಗ್ನೇಯಕ್ಕೆ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುವವರ ಮೈದಾನ, ಉತ್ತರಕ್ಕೆ ಯಲಹಂಕದ ಏರ್‌ಫೋರ್ಸ್ ಸ್ಟೇಷನ್. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಏರೋ ಇಂಡಿಯಾ ನಡೆದಾಗ, ವರ್ಷವೆಲ್ಲ ಸುದ್ದಿಯಿಲ್ಲದ ನೆಂಟರು ಫೋನ್ ಮಾಡಿ ನಮ್ಮ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ತಾರಸಿಯ ಆರೋಗ್ಯ ವಿಚಾರಿಸುತ್ತಾರೆ.

ಅತ್ತೆ ಬಂದ ಮೇಲೆ ನಮ್ಮ ಹಾಲಿನಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಸೀರಿಯಲ್ಲುಗಳ ಆಳ್ವಿಕೆ ಶುರುವಾಯಿತು. ಅವರು ಯಾರನ್ನೂ ಏಳಿಸಿದವರಲ್ಲ, ರಿಮೋಟ್ ಕೊಡಿ ಎಂದು ಕೇಳಿದವರೂ ಅಲ್ಲ. ಬಂದು ಸೋಫಾದ ತುದಿಯಲ್ಲಿ ಕೂತು, “ನೀವು ನೋಡಿ, ನೀವು ನೋಡಿ, ನನಗೇನು, ನಾಳೆ ಮಧ್ಯಾಹ್ನ ಮತ್ತೆ ಹಾಕ್ತಾರೆ” ಎನ್ನುತ್ತಿದ್ದರು. ಇದಕ್ಕಿಂತ ಬಲವಾದ ರಿಮೋಟನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಕ್ರಿಕೆಟ್ಟು ಮಗನ ಫೋನಿಗೆ ಇಳಿಯಿತು. ನನ್ನ ವಾರ್ತೆ ಬೆಳಗ್ಗೆಯ ಪೇಪರಿಗೆ ವಾಪಸು ಹೋಯಿತು. ಕಡೆಗೆ ಮನೆಯಾಕೆಯೇ ತೀರ್ಪು ಕೊಟ್ಟಳು: ಹಳೇ ಟಿವಿ ಅಟ್ಟದ ಮೇಲಿದೆ, ಅಮ್ಮನ ರೂಮಿಗೆ ಹಾಕಿ, ಇನ್ನೊಂದು ಬಾಕ್ಸು ತರಿಸಿ.

ಬಾಕ್ಸು ಬಂತು. ಅದನ್ನು ಜೋಡಿಸಲು ಪಕ್ಕದ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ ಬಂದ. ಹೆಬ್ಬೆರಳಿನಷ್ಟು ಉದ್ದದ ಒಂದು ಲೋಹದ ತುಂಡನ್ನು ಜೇಬಿನಿಂದ ತೆಗೆದು, “ಸ್ಪ್ಲಿಟರ್ ಸಾರ್, ಒಂದು ವಯರು ಎರಡಾಗುತ್ತೆ, ಅಷ್ಟೇ” ಎಂದ. ಹಾಲಿಗೆ ಬರುತ್ತಿದ್ದ ವಯರನ್ನು ಕತ್ತರಿಸಿ, ಒಂದು ಕವಲು ಹಾಲಿಗೆ, ಒಂದು ಕವಲು ಅತ್ತೆಯ ಕೋಣೆಗೆ ಎಳೆದ. ಎರಡೂ ಟಿವಿಯಲ್ಲಿ ಚಿತ್ರ ಬಂತು. ಹುಡುಗ ದುಡ್ಡು ಎಣಿಸಿಕೊಂಡು ಹೋದ. ಸಂಜೆ ಏಳಕ್ಕೆ ಅತ್ತೆ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಗ ಹಾಲಿನಲ್ಲಿ ಕ್ರಿಕೆಟ್ ಹಾಕಿದ. ಒಳಗಿನಿಂದ, “ಹೋಯ್ತು” ಎಂಬ ದನಿ ಬಂತು.

ಅತ್ತೆ ಓದಿದ್ದು ಎಂಟನೇ ತರಗತಿ. ಆದರೆ ಲಕ್ಷಣ ನೋಡಿ ಕಾಯಿಲೆ ಹೇಳುವುದರಲ್ಲಿ ಅವರು ಗಟ್ಟಿ. ಹಾಲಿನ ಟಿವಿಗೂ ತಮ್ಮ ಟಿವಿಗೂ ಏನೋ ನಂಟಿದೆ ಎಂದು ಅವರು ಬೇಗನೇ ಕಂಡುಹಿಡಿದರು. “ಅಳಿಯಂದ್ರೇ, ನೀವು ಕ್ರಿಕೆಟ್ ಹಾಕಿದ್ರೆ ನನ್ನ ಸೀರಿಯಲ್ ಹೋಗುತ್ತೆ. ನ್ಯೂಸ್ ಹಾಕಿದ್ರೆ ಬರುತ್ತೆ. ನ್ಯೂಸೇ ನೋಡಿ, ನಾಲ್ಕು ವಿಷಯ ತಿಳಿಯುತ್ತೆ.” ಮಗ ನಕ್ಕು, ಇದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಆದ ಸಂಬಂಧ ಎಂದ. ಅಜ್ಜಿ ಹೇಳಿದ್ದು ಅಕ್ಷರಶಃ ಭೌತಶಾಸ್ತ್ರವೆಂದು ಆಗ ಅವನಿಗೆ ಗೊತ್ತಿರಲಿಲ್ಲ.

ವಿಷಯ ಹೀಗಿದೆ. ಡಿಶ್ಶಿನ ಮುಂದೆ ಕೋಲಿನ ತುದಿಗೆ ಕೂತಿರುವ ಸಣ್ಣ ಗಡ್ಡೆಗೆ ಎಲ್‌ಎನ್‌ಬಿ ಎನ್ನುತ್ತಾರೆ. ಆಕಾಶದಿಂದ ಬರುವ ಸಿಗ್ನಲ್ಲು ಎರಡು ಬಗೆಯಲ್ಲಿ ಬರುತ್ತದೆ, ಅಡ್ಡಡ್ಡ ಕಂಪಿಸುವುದು ಒಂದು, ಉದ್ದುದ್ದ ಕಂಪಿಸುವುದು ಇನ್ನೊಂದು. ಕೆಲವು ಚಾನೆಲ್ಲುಗಳು ಅದರಲ್ಲಿ, ಕೆಲವು ಇದರಲ್ಲಿ. ನಮಗೆ ಯಾವುದು ಬೇಕೆಂದು ಎಲ್‌ಎನ್‌ಬಿಗೆ ಯಾರು ಹೇಳಬೇಕು? ಮನೆಯೊಳಗಿನ ಬಾಕ್ಸು ಅದೇ ವಯರಿನಲ್ಲಿ ಮೇಲಕ್ಕೆ ಕರೆಂಟು ಕಳಿಸಿ ಹೇಳುತ್ತದೆ. 13 ವೋಲ್ಟ್ ಕಳಿಸಿದರೆ ಉದ್ದದ್ದು ಬೇಕೆಂದರ್ಥ, 18 ಕಳಿಸಿದರೆ ಅಡ್ಡದ್ದು. ಒಂದೇ ಬಾಕ್ಸು ಇದ್ದಾಗ ತೊಂದರೆಯಿಲ್ಲ. ಒಂದೇ ವಯರಿಗೆ ಎರಡು ಬಾಕ್ಸು ಸೇರಿ, ಅತ್ತೆಯ ಸೀರಿಯಲ್ 13 ಎಂದು, ಮಗನ ಕ್ರಿಕೆಟ್ 18 ಎಂದು ಕೇಳಿದರೆ, ಎಲ್‌ಎನ್‌ಬಿಗೆ ಮುಟ್ಟುವುದು 18ರ ಮಾತು ಮಾತ್ರ. ವಾರ್ತೆಯ ಚಾನೆಲ್ಲೂ ಸೀರಿಯಲ್ಲಿನ ಪಂಗಡದ್ದೇ ಆಗಿದ್ದರಿಂದ ನಾನು ವಾರ್ತೆ ನೋಡುವಾಗ ಅತ್ತೆಗೆ ಶಾಂತಿ. ಇನ್ನೊಂದು ಗಮ್ಮತ್ತೆಂದರೆ, ರಿಮೋಟಿನಲ್ಲಿ ಆಫ್ ಮಾಡಿದರೂ ಎಷ್ಟೋ ಬಾಕ್ಸುಗಳು ಕರೆಂಟು ಕಳಿಸುವುದನ್ನು ನಿಲ್ಲಿಸುವುದಿಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಹೀಗಾಗಿ, ಬೇರೆ ಬೇರೆ ನೋಡೋಣವೆಂದು ತಂದ ಎರಡನೇ ಬಾಕ್ಸಿನಿಂದ ನಮ್ಮ ಮನೆ ಮೊದಲಿಗಿಂತ ಹೆಚ್ಚು ಅವಿಭಕ್ತ ಕುಟುಂಬವಾಯಿತು. ಹಾಲಿನಲ್ಲಿ ಏನು ನೋಡುತ್ತೇವೆ ಎಂದು ಒಳಗಿನ ಕೋಣೆಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವ ಪದ್ಧತಿ ಬೆಳೆಯಿತು.

ಮತ್ತೆ ಅದೇ ಹುಡುಗ ಬಂದ. ಈ ಸಲ ಸ್ಪ್ಲಿಟರನ್ನು ತೆಗೆದುಹಾಕಿ, “ಟ್ವಿನ್ ಹಾಕ್ಬೇಕು ಸಾರ್” ಎಂದ. ಎರಡು ಬಾಯಿರುವ ಎಲ್‌ಎನ್‌ಬಿ. ಒಂದೊಂದು ಬಾಕ್ಸಿಗೂ ಒಂದೊಂದು ಬಾಯಿ, ಒಂದೊಂದು ವಯರು. ಯಾರ ಮಾತು ಯಾರಿಗೂ ಅಡ್ಡ ಬರುವುದಿಲ್ಲ. ಹಾಲಿಗೆ ಹೊಸ ವಯರು ಎಳೆದ. ಅತ್ತೆಯ ಕೋಣೆಗೆ ಎಳೆಯುವಾಗ ತಂದ ವಯರಿನ ಸುರುಳಿ ಮುಗಿಯುತ್ತ ಬಂತು. “ಮೆಟ್ಟಿಲ ಹತ್ರ ಹಳೇ ಕೇಬಲ್ ಟಿವಿ ವಯರು ಹೇಗೂ ಇದ್ಯಲ್ಲ ಸಾರ್, ಅದಕ್ಕೇ ಕೊಡ್ತೀನಿ” ಎಂದು ಏನೋ ತಿರುಚಿ, ಕಪ್ಪು ಟೇಪು ಸುತ್ತಿ ಹೋದ. ಈ ಸಲ ಕ್ರಿಕೆಟ್ಟೂ ಬಂತು, ಸೀರಿಯಲ್ಲೂ ಬಂತು. ಮಳೆಗಾಲವೂ ಬಂತು.

ಆಮೇಲೆ ಆದದ್ದು ವಿಚಿತ್ರ ಬಗೆಯ ಕಾಯಿಲೆ. ಹಾಲಿನಲ್ಲಿ ಎಲ್ಲವೂ ಸ್ಫಟಿಕ. ಅತ್ತೆಯ ಕೋಣೆಯಲ್ಲಿ ಸೀರಿಯಲ್ಲಿನ ಸೊಸೆ ಅಳಲು ಶುರುಮಾಡಿದರೆ ಕಣ್ಣೀರು ಕೆನ್ನೆಯ ಅರ್ಧಕ್ಕೆ ನಿಂತುಬಿಡುವುದು. ಮುಖ ಚೌಕ ಚೌಕವಾಗಿ ಒಡೆಯುವುದು. ಆಮೇಲೆ ನೀಲಿ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಬರಹ. ಹಿಂದಿನ ಕಾಲದ ಟಿವಿಗೆ ಇಂಥ ನಿಷ್ಠುರ ಇರಲಿಲ್ಲ. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂದಾಗ ತಾರಸಿಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ. ಒಬ್ಬರು ಮೇಲೆ ನಿಂತು ತಿರುಗಿಸುವುದು, ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಟಿವಿ ಮುಂದೆ. “ಬಂತಾ?” “ಬಂತು!” “ಈಗ?” “ಹೋಯ್ತು! ಮೊದಲಿದ್ದಂಗೇ ಇಡು!” ಎಷ್ಟು ಕೆಟ್ಟ ದಿನದಲ್ಲೂ ಆ ಚುಕ್ಕಿಗಳ ಹಿಂದೆ ಒಂದು ಆಕಾರ ಓಡಾಡುತ್ತಿತ್ತು, ಅದನ್ನೇ ಕಪಿಲ್ ದೇವ್ ಎಂದು ನಂಬಿ ಚಪ್ಪಾಳೆ ತಟ್ಟಬಹುದಿತ್ತು. ಡಿಜಿಟಲ್ ಸಿಗ್ನಲ್ಲಿಗೆ ಆ ಉದಾರತೆ ಇಲ್ಲ. ಒಂದು ಮಟ್ಟದ ಮೇಲಿದ್ದರೆ ಪೂರ್ತಿ ಕೊಡುತ್ತದೆ, ಕೆಳಗಿಳಿದರೆ ಏನೂ ಕೊಡುವುದಿಲ್ಲ.

ಕಾರಣ ಹುಡುಕುವ ಕೆಲಸ ನಮ್ಮ ಬೀದಿಯಲ್ಲಿ ಸಾರ್ವಜನಿಕವಾದದ್ದು. ಜುಡಿಷಿಯಲ್ ಲೇಔಟಿನ ಗಾಳಿ ಬೀಸುವ ಕಡೆ ವಿಚಾರಣೆಗೆ ಬರವೇ? ಮೊದಲ ಆರೋಪಿ ಎದುರುಮನೆ. ಅವರು ಮೂರನೇ ಮಹಡಿ ಎಬ್ಬಿಸುತ್ತಿದ್ದರು. ನಮ್ಮ ಡಿಶ್ಶಿನ ಮುಖ ಸರಿಯಾಗಿ ಅವರ ಹೊಸ ಗೋಡೆಯನ್ನೇ ದಿಟ್ಟಿಸುತ್ತಿರುವಂತೆ ಕಾಣುತ್ತಿತ್ತು. ಮನೆಯಾಕೆ ಅವರ ಜೊತೆ ಮಾತು ಕಡಿಮೆ ಮಾಡಿದಳು. ಆದರೆ ಇದು ಕಣ್ಣು ಮಾಡುವ ಮೋಸ. ಇಂಥ ಉಪಗ್ರಹಗಳು ಇರುವುದು ಭೂಮಧ್ಯರೇಖೆಯ ನೇರ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರು ಆ ರೇಖೆಯಿಂದ 13 ಡಿಗ್ರಿ ಉತ್ತರಕ್ಕಷ್ಟೇ ಇರುವುದರಿಂದ ನಾವು ತಲೆಯೆತ್ತಿ ಹೆಚ್ಚುಕಮ್ಮಿ ನೆತ್ತಿಯ ಕಡೆಗೇ ನೋಡಬೇಕು. 83 ಡಿಗ್ರಿ ಪೂರ್ವದಲ್ಲಿರುವ ಉಪಗ್ರಹವಾದರೆ ಸುಮಾರು 73 ಡಿಗ್ರಿ, 93.5ರದ್ದಾದರೆ 66 ಡಿಗ್ರಿ ಎತ್ತರಕ್ಕೆ. ಡಿಶ್ಶು ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ, ಯಾಕೆಂದರೆ ಅದರ ಎಲ್‌ಎನ್‌ಬಿ ನಡುವೆ ಇಲ್ಲ, ಕೆಳಗಿನಿಂದ ಚಾಚಿದ ಕೋಲಿನ ಮೇಲಿದೆ. ಮೇಲಿನಿಂದ ಬಿದ್ದದ್ದು ಓರೆಯಾಗಿ ಕೆಳಗೆ ಪುಟಿಯಲೆಂದು ತಟ್ಟೆಯನ್ನು ಇಪ್ಪತ್ತು ಇಪ್ಪತ್ತೈದು ಡಿಗ್ರಿ ತಗ್ಗಿಸಿ ಕೂರಿಸಿರುತ್ತಾರೆ. ಮುಖ ಎದುರುಮನೆಯ ಕಡೆ, ನೋಟ ಮುಗಿಲ ಕಡೆ. ಹತ್ತಡಿ ದೂರದ ಗೋಡೆ ಇದಕ್ಕೆ ಅಡ್ಡ ಬರಬೇಕಾದರೆ ಡಿಶ್ಶಿಗಿಂತ ಇಪ್ಪತ್ತಡಿಗೂ ಹೆಚ್ಚು ಎತ್ತರ ಏಳಬೇಕು. ಎದುರುಮನೆಯವರಿಗೆ ಅಷ್ಟು ಸಾಲ ಮಂಜೂರಾಗಿರಲಿಲ್ಲ. ಅವರು ದೋಷಮುಕ್ತರಾದರು, ಮಾತೂ ಮತ್ತೆ ಶುರುವಾಯಿತು.

ಎರಡನೇ ಆರೋಪಿ ವಿಮಾನ. ಮೇಲಿನ ಬಾಡಿಗೆಮನೆಯವರು, “ಇಷ್ಟೊಂದು ವಿಮಾನ ಹಾರಿದ್ರೆ ಸಿಗ್ನಲ್ ಉಳಿಯುತ್ತಾ?” ಎಂದದ್ದೇ ತಡ, ಮೂಲೆಮನೆಯ ಹಿರಿಯರು ಎದ್ದು ನಿಂತರು. ಅವರು ಏರ್‌ಫೋರ್ಸಿನಿಂದ ನಿವೃತ್ತರಾದವರು. ವಿಮಾನಗಳ ಮೇಲಿನ ಯಾವ ಮಾತನ್ನೂ ಮನೆತನದ ಮೇಲೆ ಬಂದಂತೆ ತೆಗೆದುಕೊಳ್ಳುತ್ತಾರೆ. ತಾರಸಿಗೇ ಹತ್ತಿ ಕೈ ಚಾಚಿ ತೋರಿಸಿದರು. “ಸ್ಟೇಷನ್ ಇರೋದು ಅಲ್ಲಿ, ಉತ್ತರಕ್ಕೆ. ನಿಮ್ಮ ಡಿಶ್ ನೋಡ್ತಿರೋದು ದಕ್ಷಿಣಕ್ಕೆ. ನಮ್ಮ ವಿಮಾನ ಏನಿದ್ರೂ ಅದರ ಬೆನ್ನ ಹಿಂದೆ.” ಹಾಗಾದರೆ ಜಕ್ಕೂರಿನವು, ಎಂದು ಯಾರೋ ಅಂದರು. ಕಲಿಯುವ ಹುಡುಗರ ಪುಟ್ಟ ವಿಮಾನ ಅಡ್ಡ ಬಂದರೂ ಕಣ್ಣೆವೆಯಷ್ಟು ಹೊತ್ತು. ಅಷ್ಟಕ್ಕೂ ಅದು ಹಾಲಿನ ಟಿವಿಯನ್ನು ಬಿಟ್ಟು ಅತ್ತೆಯದನ್ನು ಮಾತ್ರ ಹುಡುಕಿಕೊಂಡು ಕೆಡಿಸುವುದು ಹೇಗೆ? ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಅರ್ಧ ಆರೋಪಿಗಳು ಮನೆಗೆ ಹೋಗುತ್ತಿದ್ದರು. ಆದರೆ ಮೊದಲೇ ಕೇಳುವ ಪ್ರಶ್ನೆಯಲ್ಲಿ ಬೀದಿಗೆ ಏನು ಸ್ವಾರಸ್ಯ?

ಹಾಗಾಗಿ ಮಳೆಯನ್ನೂ ಕರೆಸಿದೆವು. ಇದಕ್ಕೆ ಹಳೆಯ ಕೇಸುಗಳಿವೆ. ಡಿಟಿಎಚ್ ಬರುವುದು ಕೆಯು ಬ್ಯಾಂಡಿನಲ್ಲಿ; ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳ ಮಳೆ ಇದನ್ನು ಹೀರಿಯೂ ಬಿಡುತ್ತದೆ, ಚೆದುರಿಸಿಯೂ ಬಿಡುತ್ತದೆ. ಜೋರು ಮಳೆಯಲ್ಲಿ ಟಿವಿ ಹೋದರೆ ಅದು ಸಹಜ ಸಾವು. ಆದರೆ ಮಳೆ ನಿಂತು, ರಸ್ತೆ ಒಣಗಿ, ಮರುದಿನ ಬಿಸಿಲು ಬಂದ ಮೇಲೂ ಅತ್ತೆಯ ಸೊಸೆ ಅರ್ಧ ಕಣ್ಣೀರಿನಲ್ಲೇ ಇದ್ದಳು. ಸೂರ್ಯನ ಮೇಲೂ ಗುಮಾನಿ ಬಂತು. ವರ್ಷದಲ್ಲಿ ಎರಡು ಬಾರಿ, ಬೆಂಗಳೂರಿಗೆ ಮಾರ್ಚ್ ಮಧ್ಯದಲ್ಲೊಮ್ಮೆ ಸೆಪ್ಟೆಂಬರ್ ಕೊನೆಗೊಮ್ಮೆ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಡಿಶ್ಶಿಗೆ ಆಗ ಸೂರ್ಯನ ಗದ್ದಲವೇ ಕೇಳಿಸಿ ಕೆಲವು ನಿಮಿಷ ಬೇರೇನೂ ಕೇಳಿಸುವುದಿಲ್ಲ. ಆದರೆ ಅದು ಹಗಲಿನ ಕೆಲಸ. ಸಂಜೆ ಏಳರ ಸೀರಿಯಲ್ಲಿನ ತಂಟೆಗೆ ಸೂರ್ಯ ಬರುವುದಿಲ್ಲ. ಕೆರೆಯ ಕಡೆಯಿಂದ ಬಂದು ಡಿಶ್ಶಿನ ಅಂಚಿನ ಮೇಲೆ ಸಭೆ ಸೇರುವ ಕಾಗೆಗಳು, ಡಿಶ್ಶಿನ ಕಂಬಕ್ಕೇ ಹಗ್ಗ ಕಟ್ಟಿ ಬಾಡಿಗೆಮನೆಯವರು ಒಣಹಾಕುವ ಒದ್ದೆ ಹೊದಿಕೆ, ಇವೂ ಹೇಳಿಕೆ ಕೊಟ್ಟು ಹೋದವು. ಅವು ಪೂರ್ತಿ ಮುಗ್ಧರಲ್ಲ. ಎರಡಡಿ ಅಗಲದ ಡಿಶ್ಶು ಒಂದೆರಡು ಡಿಗ್ರಿ ಅಲುಗಿದರೆ ಸಾಕು, ದಾರಿ ತಪ್ಪುತ್ತದೆ. ಒದ್ದೆ ಬಟ್ಟೆ ಮುಂದೆ ಬಂದರೆ ನೀರಿನ ಪರದೆಯೇ ಕಟ್ಟಿದಂತೆ. ಆದರೂ ಅದೇ ಪ್ರಶ್ನೆ: ಹಾಲಿನ ಟಿವಿ ಹೇಗೆ ಚೆನ್ನಾಗಿದೆ?

ಕೊನೆಗೆ ಯಾರೋ ಉಪಗ್ರಹವನ್ನೇ ದೂರಿದರು. “ಅದೇ ಮೇಲೆ ಆಚೀಚೆ ಸರಿದಿರಬೇಕು” ಎಂದರು. ಅಲ್ಲಿಯವರೆಗೆ ಸುಮ್ಮನೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. “ಅದನ್ನ ಹಿಡಿದಿಟ್ಕೊಂಡಿರೋದು ನಮ್ಮ ಹಾಸನದವರು. ಅದು ಸರಿಯೋದಿಲ್ಲ. ಮೊದಲು ನಿಮ್ಮನೆ ತಂತಿ ನೋಡಿ.”

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರಿಗೆ ಅತ್ತೆಯ ಹೆಮ್ಮೆ ಅರ್ಥವಾಗುತ್ತದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿ 1982ರಿಂದ ಇದೆ. ಇನ್ಸಾಟ್, ಜಿಸ್ಯಾಟ್ ಸಾಲಿನ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿಕೊಂಡಿರುವುದು ಅಲ್ಲಿಯವರ ಕೆಲಸ; 2005ರಿಂದ ಭೋಪಾಲಿನಲ್ಲಿ ಇನ್ನೊಂದು ಕೇಂದ್ರವೂ ಜೊತೆಯಾಗಿದೆ. ನಿಂತಲ್ಲೇ ನಿಂತಿದೆ ಎಂದು ನಾವು ತಿಳಿಯುವ ಉಪಗ್ರಹ ಸುಮ್ಮನೆ ಬಿಟ್ಟರೆ ನಿಲ್ಲುವುದಿಲ್ಲ. ಸೂರ್ಯ ಚಂದ್ರರು ಅದನ್ನು ಆಚೀಚೆ ಎಳೆಯುತ್ತಿರುತ್ತಾರೆ. ಹಾಸನದಿಂದ ಅಪ್ಪಣೆ ಹೋಗಿ, ಉಪಗ್ರಹ ತನ್ನ ಪುಟ್ಟ ಎಂಜಿನ್ನುಗಳನ್ನು ಆಗಾಗ ಉರಿಸಿ, ನಿಗದಿಯಾದ ಜಾಗದಿಂದ ಡಿಗ್ರಿಯ ಹತ್ತನೇ ಒಂದು ಭಾಗದೊಳಗೆ ಇರುತ್ತದೆ. ಸರ್ಕಾರಿ ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇದೇ ಶಿಸ್ತಿನಲ್ಲಿ 93.5 ಡಿಗ್ರಿಯಲ್ಲಿ ಕೂತಿದೆ. ಅತ್ತೆಯ ವಾದಕ್ಕೆ ಎದುರು ವಾದವೇ ಇರಲಿಲ್ಲ. ಬೀದಿ ಸಭೆ ಮುಗಿಯಿತು, ಅವರೆಕಾಯೂ ಮುಗಿಯಿತು.

ಮರುದಿನ ಯಲಹಂಕ ಹಳೇ ಟೌನಿನಿಂದ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಕರೆಸಿದೆವು. ಕಡ್ಡಿ ಆಂಟೆನಾ ಕಾಲದಿಂದ ಈ ಕಸುಬಿನಲ್ಲಿರುವ ಮನುಷ್ಯ. ಬಂದವರು ತಾರಸಿಯ ಕಡೆ ನೋಡಲೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತೆಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. “ಮೇಲೆ ಹೋಗೋದು ಕೊನೆಗೆ ಸಾರ್. ಎಲ್ಲರೂ ಮೊದಲು ಮೇಲಕ್ಕೇ ಹೋಗ್ತಾರೆ, ಇರೋದನ್ನೂ ಕೆಡಿಸಿ ಇಳೀತಾರೆ.” ಆಮೇಲೆ ಅತ್ತೆಯನ್ನು ಕೇಳಿದರು: ಯಾವಾಗ ಹೋಗುತ್ತೆ, ಯಾವ ಚಾನೆಲ್ ಮೊದಲು ಹೋಗುತ್ತೆ, ಮಳೆಗೆ ಮುಂಚೆ ಹೇಗಿತ್ತು. ಇಷ್ಟು ದಿನ ಬೀದಿಯೆಲ್ಲ ಸಾಕ್ಷಿ ಹೇಳಿದ್ದರೂ ಕಣ್ಣಾರೆ ಕಂಡವರನ್ನು ಯಾರೂ ಕೇಳಿರಲಿಲ್ಲ.

ಬಾಕ್ಸಿನ ಮೆನುವಿನೊಳಗೆ ಹೋಗಿ ಎರಡು ಪಟ್ಟಿಗಳನ್ನು ತೋರಿಸಿದರು. ಮೇಲಿನದು ಸ್ಟ್ರೆಂತ್, ಕೆಳಗಿನದು ಕ್ವಾಲಿಟಿ. ಸ್ಟ್ರೆಂತ್ ಎಪ್ಪತ್ತರ ಮೇಲಿತ್ತು. ಕ್ವಾಲಿಟಿ ಇಪ್ಪತ್ತರ ಹತ್ತಿರ ತೂಕಡಿಸುತ್ತಿತ್ತು. “ನೋಡಿಮ್ಮಾ, ಇದು ಬರೋ ಸದ್ದೆಷ್ಟು ಅಂತ ಹೇಳುತ್ತೆ. ಇದು ಅದರಲ್ಲಿ ಮಾತೆಷ್ಟು ಅಂತ ಹೇಳುತ್ತೆ. ಜನ ಮೇಲಿಂದು ನೋಡಿ ಚೆನ್ನಾಗಿದೆ ಅಂದ್ಕೋತಾರೆ. ನಾವು ನೋಡ್ಬೇಕಾದ್ದು ಕೆಳಗಿಂದು.” ಅತ್ತೆ ಇದನ್ನು ಗಮನವಿಟ್ಟು ಕೇಳಿಸಿಕೊಂಡರು.

ಆಮೇಲೆ ಅವರು ಮಾಡಿದ್ದು ಬರೀ ಅದಲುಬದಲು. ಅತ್ತೆಯ ಬಾಕ್ಸನ್ನು ಹಾಲಿಗೆ ತಂದು ಹಾಲಿನ ವಯರಿಗೆ ಹಾಕಿದರು. ಕ್ವಾಲಿಟಿ ಮೇಲಕ್ಕೆ ಜಿಗಿಯಿತು, ಬಾಕ್ಸು ನಿರಪರಾಧಿ. ಆಗ ಮಾತ್ರ ಮೇಲೆ ಹೋಗಿ, ಎಲ್‌ಎನ್‌ಬಿಯ ಎರಡು ಬಾಯಿಗಳ ವಯರುಗಳನ್ನು ಅದಲುಬದಲು ಮಾಡಿದರು. ಕಾಯಿಲೆ ಬಾಯಿಯ ಜೊತೆ ಹೋಗಲಿಲ್ಲ, ವಯರಿನ ಜೊತೆಯೇ ಉಳಿಯಿತು. ಎಲ್‌ಎನ್‌ಬಿಯೂ ನಿರಪರಾಧಿ, ಡಿಶ್ಶೂ ನಿರಪರಾಧಿ, ಅದರಾಚೆಯ ಆಕಾಶವೆಲ್ಲ ನಿರಪರಾಧಿ. ಉಳಿದದ್ದು ತಾರಸಿಯಿಂದ ಕೋಣೆಗೆ ಇಳಿಯುವ ವಯರು. ಅದರ ಮೇಲೆ ಬೆರಳಾಡಿಸುತ್ತ ಮೆಟ್ಟಿಲು ಇಳಿದವರು ಒಂದು ತಿರುವಿನಲ್ಲಿ ನಿಂತರು. ಸುಣ್ಣ ಬಳಿಯುವಾಗ ಗೋಡೆಯ ಬಣ್ಣವನ್ನೇ ತಳೆದಿದ್ದ ಹಳೇ ಕೇಬಲ್ ವಯರು, ಅದಕ್ಕೆ ತಿರುಚಿದ ಹೊಸ ವಯರು, ಮೇಲೆ ಕಪ್ಪು ಟೇಪು. ಟೇಪು ಬಿಚ್ಚಿದಾಗ ಒಳಗಿನಿಂದ ನೀರು ತೊಟ್ಟಿಕ್ಕಿತು. ತಾಮ್ರ ಹಸಿರುಗಟ್ಟಿತ್ತು. ಹೊರಗಿನ ಹೆಣಿಗೆ ಕೈಗೆ ಪುಡಿಯಾಗಿ ಬಂತು.

ಆರೋಪಿಗಳೆಲ್ಲರ ಪರವಾಗಿ ಒಬ್ಬೊಬ್ಬರು ವಕೀಲರು ಎದ್ದು ನಿಂತಿದ್ದರು: ವಿಮಾನಕ್ಕೆ ಮೂಲೆಮನೆಯವರು, ಉಪಗ್ರಹಕ್ಕೆ ಅತ್ತೆ, ಗೋಡೆಗೆ ಭೂಗೋಳ. ಈ ಜಾಯಿಂಟಿನ ಪರವಾಗಿ ಯಾರೂ ಬರಲಿಲ್ಲ. ಅದಕ್ಕೆ ತಪ್ಪೊಪ್ಪಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ.

ಆ ಸಂಜೆ ಕೂತು ಲೆಕ್ಕ ಹಾಕಿದೆ. ಉಪಗ್ರಹ ಅಷ್ಟು ದೂರದಿಂದ ಇಡೀ ದೇಶದ ಮೇಲೆ ಚೆಲ್ಲಿದ್ದರಲ್ಲಿ ನಮ್ಮ ಎರಡಡಿಯ ತಟ್ಟೆಗೆ ಬೀಳುವುದು ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಅಷ್ಟು ಅಲ್ಪವಾದದ್ದನ್ನು ಕೈಬಿಡದೆ ಹಿಡಿದು ಎಲ್‌ಎನ್‌ಬಿ ಕೆಲವು ಲಕ್ಷ ಪಟ್ಟು ದೊಡ್ಡದು ಮಾಡಿ ಕೊಡುತ್ತದೆ. 36 ಸಾವಿರ ಕಿಲೋಮೀಟರ್ ನಿರ್ವಾತ, ಮೋಡ, ಗಾಳಿ, ಕಾಗೆ ಎಲ್ಲವನ್ನೂ ದಾಟಿ ಕ್ಷೇಮವಾಗಿ ಬಂದದ್ದು ನಮ್ಮ ಮೆಟ್ಟಿಲ ತಿರುವಿನಲ್ಲಿ, ಕೋಣೆಗೆ ಇನ್ನು ಹತ್ತಡಿ ಇರುವಾಗ ಸತ್ತುಹೋಗುತ್ತಿತ್ತು. ಟಿ.ಕೆ. ಹಳ್ಳಿಯಿಂದ ಬೆಂಗಳೂರಿಗೆ ಕಾವೇರಿಯೂ ಹೀಗೆಯೇ ಬರುತ್ತಾಳೆ. ಸುಮಾರು ನೂರು ಕಿಲೋಮೀಟರ್ ಹಾದಿ, ಐನೂರು ಮೀಟರ್ ಏರು. ಪಂಪುಗಳೆಲ್ಲ ಹಗಲಿರುಳು ದುಡಿದು ತಂದು ಬೀದಿಯ ಬಾಯಿಗೆ ಮುಟ್ಟಿಸುತ್ತವೆ. ಅಲ್ಲಿಂದ ನಮ್ಮ ಸಂಪಿಗೆ ಬರುವುದು ಮಾತ್ರ ವಾಲ್ವ್ ತಿರುಗಿಸುವವನ ಮರ್ಜಿ.

ದೂರದ ಕೆಲಸವನ್ನು ಯಾರೂ ಅರೆಬರೆ ಮಾಡುವುದಿಲ್ಲ. ದೂರವೆಂಬ ಭಯವೇ ಅದನ್ನು ನೆಟ್ಟಗೆ ಮಾಡಿಸುತ್ತದೆ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 1981ರಲ್ಲಿ ಹಾರಿದ ಆಪಲ್ ಉಪಗ್ರಹದ ಚಿತ್ರ ನೋಡದವರು ಕಡಿಮೆ. ಎತ್ತಿನ ಗಾಡಿಯ ಮೇಲೆ ಕೂತಿರುವ ಉಪಗ್ರಹ! ಬಡತನದ ಗುರುತು ಎಂದು ಅದನ್ನು ಬಹಳ ಜನ ತಿಳಿದರು. ನಿಜವಾದ ಕಾರಣ, ಆಂಟೆನಾ ಪರೀಕ್ಷೆಗೆ ಕಬ್ಬಿಣದ ಲಾರಿಯಾದರೆ ಅದರ ಲೋಹವೇ ಅಳತೆಯನ್ನು ಕೆಡಿಸುತ್ತದೆ. ಮರದ ಗಾಡಿ ಕೆಡಿಸುವುದಿಲ್ಲ. ಆಕಾಶಕ್ಕೆ ಹೋಗುವುದಕ್ಕೆ ಅಷ್ಟು ಎಚ್ಚರ ಬೇಕೆಂದು ಅದನ್ನು ತಯಾರಿಸಿದವರಿಗೆ ಗೊತ್ತಿತ್ತು. ಮೆಟ್ಟಿಲಿಗೆ ಬಂದಾಗ “ಹೇಗೂ ಇದ್ಯಲ್ಲ ಸಾರ್” ಎಂದು ನಾವೆಲ್ಲ ಸಡಿಲಾಗುತ್ತೇವೆ. ಉಪಗ್ರಹವನ್ನು ಹೀಗೆ ಭೂಮಧ್ಯರೇಖೆಯ ಮೇಲೆ ನಿಲ್ಲಿಸಿ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಮುಂದೆ ಅವರು ಕೊಲಂಬೋದಲ್ಲಿ ನೆಲೆಸಿದ್ದಾಗ, ಅದೇ ‘ಸೈಟ್’ ನಡೆಯುತ್ತಿದ್ದ ಕಾಲದಲ್ಲಿ, ಇಸ್ರೋದವರು ಹೋಗಿ ಅವರ ಮನೆಗೆ ಆಂಟೆನಾ ಕೂರಿಸಿಕೊಟ್ಟು ಬಂದರು. 36 ಸಾವಿರ ಕಿಲೋಮೀಟರ್ ಆಚೆಯದನ್ನು ಕಂಡವರಿಗೂ ಮನೆಯ ವಯರಿನ ವಿಷಯಕ್ಕೆ ಬಂದಾಗ ತಿಳಿದವರೇ ಬೇಕಾಯಿತು.

ನಮ್ಮ ಮೆಕ್ಯಾನಿಕ್ಕು ಹಳೇ ವಯರನ್ನು ಪೂರ್ತಿ ಕಿತ್ತರು. ಎಲ್‌ಎನ್‌ಬಿಯಿಂದ ಬಾಕ್ಸಿನವರೆಗೆ ಎಲ್ಲೂ ಕಡಿಯದ ಒಂದೇ ಆರ್‌ಜಿ-6 ವಯರು ಎಳೆದರು. ತುದಿಗಳಿಗೆ ತಿರುಚುವ ಬದಲು ಒತ್ತಿ ಕೂರಿಸುವ ಕನೆಕ್ಟರು ಹಾಕಿದರು. ತಾರಸಿಯಿಂದ ಒಳಗೆ ಬರುವ ತೂತಿಗೆ ಮುಂಚೆ ವಯರನ್ನು ಒಮ್ಮೆ ಕೆಳಕ್ಕೆ ಜೋಲು ಬಿಟ್ಟು ಮೇಲಕ್ಕೆ ತಂದರು. “ಮಳೆ ನೀರು ವಯರು ಹಿಡ್ಕೊಂಡೇ ಒಳಗೆ ಬರುತ್ತೆ ಸಾರ್. ಇಲ್ಲೊಂದು ಬಳಸು ಬಿಟ್ರೆ ಕೆಳಗೇ ತೊಟ್ಟಿಕ್ಕಿಬಿಡುತ್ತೆ.” ಕೂಲಿ ಹೇಳುವಾಗ ಮಾತ್ರ ದನಿ ತಗ್ಗಿಸಿದರು. ಮೆಟ್ಟಿಲು ಇಳಿಯುವಾಗ ಮತ್ತೆ ಏರಿಸಿ, “ನಾಲ್ಕು ಬಾಯಿಂದೂ ಬರುತ್ತೆ ಸಾರ್, ಮುಂದೆ ಹುಡುಗನ ರೂಮಿಗೂ ಬೇಕು ಅಂದ್ರೆ” ಎಂದರು. ಒಳಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಮಗನಿಗೆ ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ. ಇದು ಸ್ಪಷ್ಟವಾಗಿ ಕೇಳಿಸಿತು.

ಅಂದು ಸಂಜೆ ಏಳಕ್ಕೆ ಅತ್ತೆಯ ಕೋಣೆಯಲ್ಲಿ ಎರಡೂ ಪಟ್ಟಿಗಳು ಭರ್ತಿ. ಹೊರಗೆ ಮಳೆ ಬಂದು ಹೋಗಿತ್ತು, ಚಿತ್ರಕ್ಕೆ ಒಂದು ಚುಕ್ಕಿಯೂ ತಗಲಲಿಲ್ಲ. ಸೊಸೆಯ ಕಣ್ಣೀರು ಇಷ್ಟು ದಿನದ ಮೇಲೆ ಕೆನ್ನೆ ದಾಟಿ ಗಲ್ಲದವರೆಗೆ ಬಂದು ಕೆಳಗೆ ಬಿತ್ತು. ಎಲ್ಲಿಂದಲೋ ಮೇಲಕ್ಕೆ ಹೋಗಿ ಮತ್ತೆ ಇಲ್ಲಿಗಿಳಿದು, ಒಟ್ಟು 72 ಸಾವಿರ ಕಿಲೋಮೀಟರ್ ಸವೆಸಿ ಬಂದ ಆ ದೃಶ್ಯದಲ್ಲಿ ವಾರಗಿತ್ತಿ ಪಾಯಸಕ್ಕೆ ಏನೋ ಬೆರೆಸುತ್ತಿದ್ದಳು. ಒಂದೇ ಚಮಚವನ್ನು ಮೂರು ಕೋನದಿಂದ ತೋರಿಸಿದರು, ಒಂದೊಂದಕ್ಕೂ ಗುಡುಗು. ನಾನು ಬಾಗಿಲಲ್ಲಿ ನಿಂತು, ಹೇಗಿದೆ ಎಂದು ಕೇಳಿದೆ.

ಅತ್ತೆ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. “ಆ ಮೆಕ್ಯಾನಿಕ್ಕು ಹೇಳಿದ್ರಲ್ಲ ಅಳಿಯಂದ್ರೇ, ಇದು ಅದೇ ಕೇಸು. ಸ್ಟ್ರೆಂತು ತೊಂಬತ್ತು, ಕ್ವಾಲಿಟಿ ಸೊನ್ನೆ. ಇದನ್ನ ಸರಿಮಾಡೋಕೆ ಯಾರನ್ನ ಕರೆಸ್ಬೇಕು?”